ಐರ್ಲೆಂಡಿನ ಹಣೆಯ ಮೇಲೆ ಮೂರು ಗೆರೆ

ಹೆಮ್ಮಿಗೆ, ಹೊರಡುವ ವಾರ

ವಿದೇಶಕ್ಕೆ ಹೋಗಿ ಬಂದವರು ಅಲ್ಲಿನ ರಸ್ತೆ ಎಷ್ಟು ಚೊಕ್ಕಟ ಎಂದು ಹೇಳಲೇಬೇಕಂತೆ. ಆ ಕೆಲಸ ಮೊದಲೇ ಮುಗಿಸಿಬಿಡುತ್ತೇನೆ. ರಸ್ತೆ ಚೊಕ್ಕಟವಾಗಿತ್ತು, ಆದರೆ ಅದರ ಮೇಲೆ ಸಗಣಿಯಿತ್ತು. ನಾನು ಇಪ್ಪತ್ತು ದಿನ ಇದ್ದದ್ದು ಐರ್ಲೆಂಡಿನ ಪಶ್ಚಿಮ ಭಾಗದಲ್ಲಿರುವ, ಮನುಷ್ಯರಿಗಿಂತ ದನಗಳೇ ಹೆಚ್ಚಿರುವ ಒಂದು ಊರಿನಲ್ಲಿ. ನಂಜನಗೂಡಿನಿಂದ ಎರಡು ವಿಮಾನ ಹತ್ತಿಳಿದು ಹೋಗಿ ಇಳಿದ ದಿನವೇ ಸಗಣಿ ತುಳಿದದ್ದನ್ನು ನಮ್ಮ ಮನೆಯವರು ಇವತ್ತಿಗೂ ಬಂದವರಿಗೆಲ್ಲ ಹೇಳಿ ನಗುತ್ತಾರೆ.

ನಾನು ಹೋದದ್ದು ಊರು ನೋಡುವುದಕ್ಕಲ್ಲ. ನನ್ನ ದೊಡ್ಡಕ್ಕ ಶಿವಮ್ಮ ಹೆಮ್ಮಿಗೆಯಲ್ಲಿದ್ದಾಳೆ, ಗದ್ದೆ ಬದುಕು. ಅವಳ ಮಗಳು ಚೈತ್ರ ಐರ್ಲೆಂಡಿನ ಆಸ್ಪತ್ರೆಯೊಂದರಲ್ಲಿ ನರ್ಸು. ಅಳಿಯ ಮಂಜು, ಗುಂಡ್ಲುಪೇಟೆ ಕಡೆಯ ಹುಡುಗ, ಅವನೂ ನರ್ಸು. ಗಂಡಸು ನರ್ಸಾಗುವುದು ಅಕ್ಕನಿಗೆ ಇನ್ನೂ ಸರಿಹೋಗಿಲ್ಲ. ಊರಿನವರು ಕೇಳಿದರೆ, ‘ಡಾಕ್ಟ್ರಿಗೇ ಏಳ್ಕೊಡೋ ಕೆಲ್ಸ’ ಎನ್ನುತ್ತಾಳೆ. ಚೈತ್ರಳಿಗೆ ಹೆಣ್ಣುಮಗುವಾಗಿ ಎರಡು ತಿಂಗಳು ತುಂಬಿತ್ತು. ಹೆಸರು ಇಂಚರ. ಆದರೆ ಮಗುವಿಗೆ ಇನ್ನೂ ಲಿಂಗ ಕಟ್ಟಿರಲಿಲ್ಲ.

ನಮ್ಮವರಲ್ಲಿ ಮಗು ಹುಟ್ಟಿದ ಕೆಲವೇ ದಿನಗಳಲ್ಲಿ ಮನೆತನದ ಗುರುಗಳು, ಅಂದರೆ ಅಯ್ಯನವರು, ಬಂದು ಅದಕ್ಕೊಂದು ಪುಟ್ಟ ಲಿಂಗ ಕಟ್ಟುತ್ತಾರೆ. ಆಮೇಲೆ ಉಸಿರಿರುವ ತನಕ ಅದು ಮೈಮೇಲಿರಬೇಕು. ಚೈತ್ರಳ ಊರಿನಲ್ಲಿ ಲಿಂಗವೂ ಇಲ್ಲ, ಅಯ್ಯನವರೂ ಇಲ್ಲ. ಮೊಮ್ಮಗಳಿಗೆ ಲಿಂಗ ಕಟ್ಟುವವರೆಗೂ ರಾತ್ರಿಯೂಟ ಮುಟ್ಟುವುದಿಲ್ಲ ಎಂದು ಅಕ್ಕ ನೇಮ ಹಿಡಿದಳು. ಎರಡು ತಿಂಗಳಾಯಿತು. ಸಕ್ಕರೆ ಕಾಯಿಲೆಯ ಹೆಂಗಸು. ಸೊಸೆ ಸವಿತಾ ದಿನಾ ರಾತ್ರಿ ತಟ್ಟೆಯಿಟ್ಟು ಕರೆಯುವುದು, ಇವಳು ಒಂದು ಲೋಟ ಮಜ್ಜಿಗೆ ಕುಡಿದು ಮಲಗುವುದು.

ಅಕ್ಕನ ಮಂಡಿ ಹೋಗಿದೆ, ಅವಳು ವಿಮಾನ ಹತ್ತುವಂತಿರಲಿಲ್ಲ. ಲಿಂಗವನ್ನು ಕೊರಿಯರ್ ಮಾಡಿದರೆ ಆಗದೇ ಎಂದು ನಾನು ಕೇಳಿದೆ. ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಶಿವುನ್ನ ಪಾರ್ಸಲ್ ಮಾಡಕಾದದಾ? ನೀನೋಗು.”

“ನಾನ್ಯಾಕಕ್ಕ? ನಂಗೆ ಮಂತ್ರ ತಂತ್ರ ಒಂದೂ ಬರಲ್ಲ.”

“ಇಂಗ್ಲೀಸ್ ಬತ್ತದಲ್ಲ. ಓಗು.”

ನನ್ನ ಇಂಗ್ಲಿಷಿನ ಮೇಲೆ ಅಕ್ಕನಿಗಿರುವ ನಂಬಿಕೆ ಯಾವ ದೇವರ ಮೇಲೂ ಇಲ್ಲ. ಅವಳು ಹದಿನಾರಕ್ಕೇ ಮದುವೆಯಾಗಿ ಹೆಮ್ಮಿಗೆಗೆ ಬಂದಳು, ನಾನು ಮೈಸೂರಿನ ಕಾನ್ವೆಂಟಿನ ಹಾಸ್ಟೆಲ್ಲಿನಲ್ಲಿ ಹತ್ತು ವರ್ಷ ಓದಿದೆ. ನನಗೆ ಪಂಚಾಕ್ಷರಿಗಿಂತ ಮೊದಲು ಬಾಯಿಪಾಠವಾದದ್ದು ಮೇರಿ ಮಾತೆಯ ಪ್ರಾರ್ಥನೆ. ಊಟಕ್ಕೆ ಮುಂಚೆ, ಮಲಗುವ ಮುಂಚೆ, ಪರೀಕ್ಷೆಗೆ ಮುಂಚೆ ಪ್ರಾರ್ಥನೆ ಹೇಳಿ ‘ಆಮೆನ್’ ಎಂದ ನಾಲಿಗೆ ಇದು. ಮದುವೆಯಾದ ಹೊಸತರಲ್ಲಿ ಅತ್ತೆ ಮಂಗಳಾರತಿ ಮುಗಿಸಿದ ಕೂಡಲೇ ನಾನು ‘ಆಮೆನ್’ ಎಂದುಬಿಟ್ಟು, ಅದು ಯಾವ ದೇವರ ಹೆಸರು ಎಂದು ಅವರು ಒಂದು ವಾರ ವಿಚಾರಿಸಿದ್ದರು.

ಆದರೆ ಧರ್ಮದ ವಿಷಯದಲ್ಲಿ ನನಗೂ ಒಂದು ಜಂಬವಿತ್ತು. ನಾನು ಹುಟ್ಟಿದಾಗ ಕಪಿಲೆ ಎರಡೂ ದಡ ಮೀರಿ ಹರಿಯುತ್ತಿತ್ತಂತೆ. ಆ ಪ್ರವಾಹದಲ್ಲೂ ಮಠದ ದೊಡ್ಡ ಸ್ವಾಮಿಗಳು ತೆಪ್ಪದಲ್ಲಿ ಹೊಳೆ ದಾಟಿ, ನಮ್ಮ ಹಳ್ಳಿಗೆ ಬಂದು ನನಗೆ ಲಿಂಗ ಕಟ್ಟಿದರು ಎಂದು ಅಪ್ಪ ಸಾಯುವವರೆಗೂ ಹೇಳುತ್ತಿದ್ದರು. ಕಾನ್ವೆಂಟಿನಲ್ಲಿ ಗೆಳತಿಯರು ತಮ್ಮ ದೀಕ್ಷಾಸ್ನಾನಕ್ಕೆ ಬಿಷಪ್ಪರೇ ಬಂದಿದ್ದರು ಎಂದಾಗಲೆಲ್ಲ ನಾನು ಈ ತೆಪ್ಪವನ್ನು ಮುಂದೆ ಬಿಡುತ್ತಿದ್ದೆ. ಬಿಷಪ್ಪರು ಕಾರಿನಲ್ಲಿ ಬಂದಿದ್ದರು, ನಮ್ಮ ಸ್ವಾಮಿಗಳು ಪ್ರಾಣ ಪಣಕ್ಕಿಟ್ಟು ಬಂದಿದ್ದರು. ಯಾವಾಗಲೂ ನಾನೇ ಗೆಲ್ಲುತ್ತಿದ್ದೆ.

ಹೆಮ್ಮಿಗೆಯ ಅಯ್ಯನವರು ಲಿಂಗವನ್ನು ಪೂಜಿಸಿ ಕೊಟ್ಟರು. ಶಿವರಾತ್ರಿಯ ದಿನ ವಿಡಿಯೋ ಕಾಲ್ ಮಾಡಿ, ಆವತ್ತೇ ಕಟ್ಟಿಸೋಣ ಎಂದರು. ಬದನವಾಳಿನಿಂದ ತರಿಸಿದ ಬಿಳಿ ಖಾದಿಯ ತುಂಡಿನಲ್ಲಿ ಅಕ್ಕ ಅದನ್ನು ಸುತ್ತಿ, ನನ್ನ ಎರಡೂ ಅಂಗೈ ಹಿಡಿದು ಅದರೊಳಗಿಟ್ಟಳು. ಸ್ವಲ್ಪ ಹೊತ್ತು ಕೈ ಬಿಡಲಿಲ್ಲ.

ಡಬ್ಲಿನ್ ವಿಮಾನ ನಿಲ್ದಾಣ

ನನ್ನ ಕೊರಳಿನಲ್ಲಿ ಬೆಳ್ಳಿ ಕರಡಿಗೆ, ಅದರೊಳಗೆ ನನ್ನ ಲಿಂಗ. ಕೈಚೀಲದಲ್ಲಿ ಪಾಪುವಿನ ಲಿಂಗ, ಒಂದು ಡಬ್ಬಿ ವಿಭೂತಿ. ಬೆಂಗಳೂರಿನಲ್ಲಿ ತಪಾಸಣೆಯ ಹುಡುಗಿ ಕರಡಿಗೆಯನ್ನು ನೋಡಿ ತಾನೇ ಕೈಮುಗಿದು ಕಳಿಸಿದ್ದಳು. ಡಬ್ಲಿನ್ನಿನಲ್ಲಿ ಒಬ್ಬ ಎತ್ತರದ ಅಧಿಕಾರಿ ಡಬ್ಬಿಯ ಮುಚ್ಚಳ ತೆಗೆದು, ಬಿಳಿ ಪುಡಿಯನ್ನೂ ನನ್ನ ಮುಖವನ್ನೂ ಸರದಿಯಂತೆ ನೋಡಿದ. ಇಂಥ ಹೊತ್ತಿಗೆಂದೇ ಸಿಸ್ಟರುಗಳು ಹತ್ತು ವರ್ಷ ನನಗೆ ಇಂಗ್ಲಿಷ್ ವ್ಯಾಕರಣ ಕಲಿಸಿದ್ದರು. ನಾನು ಬೆನ್ನು ನೆಟ್ಟಗೆ ಮಾಡಿ, ಕ್ರಿಯಾಪದ ತಪ್ಪದಂತೆ, ಇದು ಪವಿತ್ರವಾದ ಬೂದಿ, ಇದನ್ನು ಹಣೆಗೆ ಧರಿಸಲಾಗುತ್ತದೆ ಎಂದು ಪಾಠ ಒಪ್ಪಿಸಿದೆ.

ಅವನ ಮುಖ ಅರಳಿತು. ಓಹೋ, ನಮಗೂ ಮುಂದಿನ ಬುಧವಾರ ಬೂದಿಯ ಹಬ್ಬ, ನೀವು ನಿಮ್ಮದನ್ನು ಮನೆಯಿಂದಲೇ ತಂದಿದ್ದೀರಿ ಎಂದು ಮುಚ್ಚಳ ಹಾಕಿ ಕೊಟ್ಟ. ಕಾನ್ವೆಂಟಿನಲ್ಲಿ ಆ ಬುಧವಾರ ಹಣೆಗೆ ಶಿಲುಬೆ ಇಡಿಸಿಕೊಂಡಿದ್ದು ನನಗೂ ನೆನಪಾಯಿತು. ಹೊರಗೆ ಬಂದು ಚೈತ್ರಳಿಗೆ ಇದನ್ನೆಲ್ಲ ಅಭಿಮಾನದಿಂದ ಹೇಳಿದರೆ, ‘ಚಿಕ್ಕಮ್ಮ, ನಿನ್ನ ಇಂಗ್ಲಿಷ್ ಕೇಳಿ ಅವನು ನೀನು ರಾಣಿ ಕಾಲದವಳು ಅಂದ್ಕೊಂಡಿರ್ತಾನೆ’ ಎಂದಳು.

ಸಿಸ್ಟರುಗಳನ್ನು ಹುಡುಕುತ್ತಾ

ನಮ್ಮ ಕಾನ್ವೆಂಟಿನ ಹಿರಿಯ ಸಿಸ್ಟರುಗಳಲ್ಲಿ ಇಬ್ಬರು ಐರ್ಲೆಂಡಿನವರು. ಹಾಗಾಗಿ ಐರ್ಲೆಂಡ್ ಎಂದರೆ ನನ್ನ ಮನಸ್ಸಿನಲ್ಲಿ ಬೀದಿ ತುಂಬ ಬಿಳಿ ಮುಸುಕಿನ ಹೆಂಗಸರು, ನಮ್ಮಲ್ಲಿ ಕಾರ್ತಿಕದ ಸೋಮವಾರ ದೇವಸ್ಥಾನದ ಸುತ್ತ ಜನ ಇರುವ ಹಾಗೆ. ಎರಡನೆಯ ದಿನವೇ ಊರಿನ ಔಷಧಿ ಅಂಗಡಿಯಲ್ಲಿ ಬೂದುಬಣ್ಣದ ಉದ್ದ ಅಂಗಿ, ತಲೆಗೆ ಬಿಳಿ ಪಟ್ಟಿ ಕಟ್ಟಿದ್ದ ಒಬ್ಬಾಕೆ ಕಂಡಳು. ನಾನು ಕೈಕಟ್ಟಿ ನಿಂತು, ‘ಗುಡ್ ಮಾರ್ನಿಂಗ್ ಸಿಸ್ಟರ್’ ಎಂದು ರಾಗವಾಗಿ ಹೇಳಿದೆ. ಐವತ್ತೆರಡು ವರ್ಷದ ಹೆಂಗಸು ಒಂದನೇ ಕ್ಲಾಸಿನ ರಾಗದಲ್ಲಿ. ಆಕೆ ಅಂಗಡಿಯ ಸೇಲ್ಸ್ ಗರ್ಲ್. ತಲೆಪಟ್ಟಿ ಈಗಿನ ಫ್ಯಾಷನ್ನಂತೆ. ಚೈತ್ರ ಪಾಪುವಿನ ಗಾಡಿ ತಳ್ಳಿಕೊಂಡು, ನನ್ನ ಪರಿಚಯವೇ ಇಲ್ಲದವಳಂತೆ ಹೊರಗೆ ಹೋದಳು.

ಊರಿನಲ್ಲಿ ಕಾನ್ವೆಂಟಿನ ಕಟ್ಟಡ ಇದೆ. ಕಲ್ಲಿನದು, ಮೂರಂತಸ್ತು. ಒಳಗೆ ಈಗ ಫ್ಲ್ಯಾಟುಗಳು. ಗೇಟಿನ ಮೇಲಿನ ಮಾತೆಯ ವಿಗ್ರಹದ ಪಕ್ಕದಲ್ಲೇ ಕಸದ ಡಬ್ಬಿಗಳ ಬಣ್ಣ ಯಾವ ದಿನಕ್ಕೆ ಯಾವುದು ಎಂಬ ಬೋರ್ಡು. ಸಿಸ್ಟರುಗಳೆಲ್ಲ ಎಲ್ಲಿ ಎಂದು ಕೇಳಿದರೆ, ಇದ್ದವರಿಗೆ ವಯಸ್ಸಾಯಿತು, ಹೊಸಬರು ಯಾರೂ ಸೇರಲಿಲ್ಲ ಎಂದ ಮಂಜು. ನನಗೆ ತವರುಮನೆಗೆ ಹೋಗಿ ಬೀಗ ನೋಡಿದಂತಾಯಿತು.

ಪಕ್ಕದ ಮನೆಯಾಕೆಯ ಹೆಸರು ಬ್ರೀಡ್. ಎಪ್ಪತ್ತರ ಹತ್ತಿರ ವಯಸ್ಸು, ಮೊಣಕಾಲುದ್ದದ ರಬ್ಬರ್ ಬೂಟು, ಅದರ ತುಂಬ ಕೆಸರು. ನಲವತ್ತು ಹಸು ಸಾಕಿದ್ದಳು. ಎರಡು ದಿನಕ್ಕೊಮ್ಮೆ ಹಿಂಬಾಗಿಲಿಗೆ ಬಂದು ಮೊಟ್ಟೆ ಕೊಡುತ್ತಿದ್ದಳು. ನಾವು ಮೊಟ್ಟೆ ಮುಟ್ಟುವವರಲ್ಲ ಎಂದು ಹೇಳಲು ನನಗೆ ದಾಕ್ಷಿಣ್ಯ. ಮಂಜು ಮುಟ್ಟುವವನು ಎಂದು ಆಮೇಲೆ ತಿಳಿಯಿತು. ನಾನು ಮೊದಲ ಸಲ ಅವಳನ್ನು ಕೊಟ್ಟಿಗೆಯ ಕೆಲಸದಾಕೆ ಎಂದುಕೊಂಡು, ನಮ್ಮೂರಿನ ಅಭ್ಯಾಸದಂತೆ ಹೊರಗಿನ ಕಟ್ಟೆಯ ಮೇಲೇ ಟೀ ಇಟ್ಟೆ. ಅವಳು ಲೋಟ ಎತ್ತಿಕೊಂಡು ಒಳಗೆ ಬಂದು ಅಡುಗೆಮನೆಯ ಕುರ್ಚಿಯಲ್ಲಿ ಕೂತಳು. ಅವಳು ಆರು ವರ್ಷ ಸಿಸ್ಟರ್ ಆಗಿದ್ದವಳು, ಅದೇ ಕಲ್ಲಿನ ಕಟ್ಟಡದಲ್ಲಿ. ನಾನು ಊರೆಲ್ಲ ಹುಡುಕಿದ ಸಿಸ್ಟರ್ ಪಕ್ಕದ ಮನೆಯಲ್ಲಿ ಹಾಲು ಕರೆಯುತ್ತಿದ್ದಳು, ಅವಳನ್ನು ನಾನು ಬಾಗಿಲಾಚೆ ನಿಲ್ಲಿಸಿದ್ದೆ. ಗೊತ್ತಾದ ದಿನ ನಾನು ನಾಲ್ಕು ಸಲ ಕ್ಷಮೆ ಕೇಳಿದೆ. ಅವಳಿಗೆ ಯಾಕೆಂದೇ ತಿಳಿಯಲಿಲ್ಲ.

ಶಿವರಾತ್ರಿ

ಭಾನುವಾರ ಶಿವರಾತ್ರಿ. ಬೆಳಿಗ್ಗೆಯೇ ಪಾಪುವಿಗೆ ನೀರು ಹಾಕಿ, ಚೈತ್ರ ರೇಷ್ಮೆ ಸೀರೆಯುಟ್ಟು, ಮಂಜು ಪಂಚೆಯ ಕೆಳಗೆ ಸಾಕ್ಸ್ ಹಾಕಿಕೊಂಡು ಸಿದ್ಧನಾದ. ಅಯ್ಯನವರಿಗೆ ಕಾಲ್ ಹೋಯಿತು. ಅಲ್ಲಿ ಮಧ್ಯಾಹ್ನ ಮೂರೂವರೆ, ದೇವಸ್ಥಾನದಲ್ಲಿ ಮೈಕು, ಜನ. ಮೊದಲ ಐದು ನಿಮಿಷ ನಮಗೆ ಕಂಡದ್ದು ಅವರ ಕಿವಿ. ಆಮೇಲೆ ದೇವಸ್ಥಾನದ ಛಾವಣಿ. ಕೊನೆಗೆ ಯಾರೋ ಫೋನ್ ತಿರುಗಿಸಿ ಕೊಟ್ಟ ಮೇಲೆ ಮುಖ ಬಂತು.

ನಾನು ಲಿಂಗವನ್ನು ಅಂಗೈಯಲ್ಲಿಟ್ಟು ತೋರಿಸಿದೆ. ಅವರು ಪಾಪುವನ್ನು ನೋಡಿ ನಕ್ಕರು. ಲಿಂಗ ಪೂಜಿಸಿ ಕೊಟ್ಟ ದಿನದಿಂದಲೂ ಅವರು ಒಂದೇ ವಿಷಯ ಯೋಚಿಸುತ್ತಿದ್ದರಂತೆ.

“ಮಂತ್ರನೇನೋ ಇಲ್ಲಿಂದ್ಲೇ ಏಳ್ಬೋದು ಕಣವ್ವ. ಆದ್ರೆ ಕಟ್ಟೋವಾಗ ಮಗಿನ ತಲೆ ಮ್ಯಾಲೆ ಕೈ ಮಡಗ್ಬೇಕಲ್ಲ. ಈ ಫೋನ್ನಲ್ಲಿ ಕೈ ಎಲ್ಲಿಂದ ತರ್ಲಿ?”

ಮಂಜುವೇ ಕೈಯಿಡಲಿ ಎಂದರೆ, ಕೈಯಿಡುವವರ ಮೈಮೇಲೂ ಲಿಂಗವಿರಬೇಕು, ಅವನದು ಹಾಸ್ಟೆಲ್ಲಿನಲ್ಲಿ ಕಳೆದು ಹದಿನೈದು ವರ್ಷವಾಗಿತ್ತು, ಇನ್ನೊಂದು ಕಟ್ಟಿಸಿಕೊಂಡಿರಲಿಲ್ಲ. ಇನ್ನು ಯಾರು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಒಳ್ಳೆಯ ಮನುಷ್ಯರು, ಸುಳ್ಳು ಸಮಾಧಾನ ಹೇಳುವವರಲ್ಲ. ಮುಂದಿನ ವರ್ಷ ಮಗುವನ್ನು ಊರಿಗೆ ಕರೆತನ್ನಿ, ನಾನೇ ಕಟ್ಟುತ್ತೇನೆ ಎಂದರು. ಅಷ್ಟರಲ್ಲಿ ಮತ್ತೆ ಛಾವಣಿ ಬಂತು.

ಮುಂದಿನ ವರ್ಷ. ಅಂದರೆ ಅಕ್ಕ ಇನ್ನೊಂದು ವರ್ಷ ರಾತ್ರಿ ಮಜ್ಜಿಗೆ ಕುಡಿದು ಮಲಗಬೇಕು. ಕಳೆದ ವಾರ ಅವಳು ಗದ್ದೆಯ ಬದುವಿನ ಮೇಲೆ ತಲೆಸುತ್ತಿ ಕೂತಿದ್ದಳೆಂದು ಸವಿತಾ ನನಗೊಬ್ಬಳಿಗೇ ಹೇಳಿದ್ದಳು. ಚೈತ್ರ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಮಂಜು ಒಂದು ಉಪಾಯ ಹೇಳಿದ. ಲಿಂಗವನ್ನು ಪಾಪುವಿನ ಎದೆಯ ಮೇಲಿಟ್ಟು ಒಂದು ಫೋಟೋ ತೆಗೆದು ಕಳಿಸಿದರೆ ಅತ್ತೆ ಊಟ ಮಾಡುತ್ತಾರೆ, ದೇವರು ಬೇಸರ ಮಾಡಿಕೊಳ್ಳುವುದಿಲ್ಲ. ಫೋಟೋ ತೆಗೆದೆವು. ಚೆನ್ನಾಗಿಯೇ ಬಂದಿತ್ತು. ಅಕ್ಕನ ಹೆಸರಿನ ಮೇಲೆ ಬೆರಳಿಟ್ಟೆ, ಒತ್ತಲಾಗಲಿಲ್ಲ. ಅದು ಧರ್ಮಭಯ ಎಂದು ಹೇಳಿಕೊಳ್ಳಲು ಆಸೆ. ನಿಜ ಹೇಳಬೇಕೆಂದರೆ, ಸುಳ್ಳು ಹೇಳಿದರೆ ಅಕ್ಕನಿಗೆ ತಿಳಿದುಬಿಡುತ್ತದೆ ಎಂಬ ಚಿಕ್ಕಂದಿನ ಭಯ.

ಬ್ರೀಡಳ ಅಡುಗೆಮನೆ

ಸೋಮವಾರ ಅವಳ ಮನೆಗೆ ಹೋಗಿ ಎಲ್ಲವನ್ನೂ ಹೇಳಿಕೊಂಡೆ. ನನ್ನ ಕರಡಿಗೆ ತೆರೆದು ತೋರಿಸಿದೆ. ಅವಳು ಮುಟ್ಟಲಿಲ್ಲ, ಕೈ ಹಿಂದಕ್ಕೆ ಕಟ್ಟಿಕೊಂಡು ಬಗ್ಗಿ ನೋಡಿದಳು. ಆಮೇಲೆ ತನ್ನ ಕತೆ ಹೇಳಿದಳು.

ಊರಿನ ಚರ್ಚಿಗೆ ಸ್ವಂತ ಪಾದ್ರಿಗಳಿಲ್ಲ. ನಾಲ್ಕು ಊರಿಗೆ ಒಬ್ಬರು, ಅವರಿಗೂ ವಯಸ್ಸಾಗಿದೆ. ಒಂದು ಭಾನುವಾರ ಜನ ಬಂದು ಕೂತಿದ್ದಾರೆ, ಪಾದ್ರಿಗಳು ಹುಷಾರಿಲ್ಲವೆಂದು ಬರಲಿಲ್ಲ. ಎಲ್ಲರೂ ಬಾಗಿಲು ನೋಡುತ್ತ ಕೂತರು. ಬ್ರೀಡ್ ಎದ್ದು ಮುಂದೆ ಹೋಗಿ ಪ್ರಾರ್ಥನೆ ಹೇಳಿಸಿದಳು. ಆಮೇಲೆ ಅದಕ್ಕೆ ಒಪ್ಪಿಗೆ ಬಂತು, ತರಬೇತಿ ಬಂತು, ಈಗ ಪಾದ್ರಿಗಳು ಬರಲಾಗದ ದಿನವೆಲ್ಲ ಅವಳೇ. ಪೂಜೆಯ ಮುಖ್ಯ ಭಾಗ ಅವಳು ಮಾಡುವಂತಿಲ್ಲ, ಉಳಿದದ್ದೆಲ್ಲ ಮಾಡುತ್ತಾಳೆ. ಮೊದಮೊದಲು ಅರ್ಧ ಜನ ಅವಳ ಕೈಯಿಂದ ಪ್ರಸಾದ ತೆಗೆದುಕೊಳ್ಳುತ್ತಿರಲಿಲ್ಲ. ಟಾಮ್ ಎಂಬ ಮುದುಕನಂತೂ ಹೋದ ವರ್ಷದವರೆಗೂ ಪಾದ್ರಿಗಳಿರುವ ಬೇರೆ ಊರಿಗೆ ಕಾರು ಓಡಿಸಿಕೊಂಡು ಹೋಗುತ್ತಿದ್ದನಂತೆ.

ಆ ಮೊದಲ ದಿನ ನಿನಗೆ ಅಷ್ಟು ಧೈರ್ಯ ಎಲ್ಲಿಂದ ಬಂತು ಎಂದೆ.

“ಧೈರ್ಯ ಅಲ್ಲ. ಚರ್ಚಿನ ಬೀಗದ ಕೈ ನನ್ನ ಹತ್ತಿರ ಇತ್ತು, ಅಷ್ಟೆ,” ಎಂದಳು.

ಇನ್ನೇನೋ ಕೇಳಬೇಕೆಂದಿದ್ದೆ. ಹಸುವೊಂದು ಕೂಗಿತು, ಅವಳು ಬೂಟು ಹಾಕಿಕೊಂಡು ಹೊರಟಳು. ಅದು ಕರು ಹಾಕುವ ಕಾಲ.

ಬೂದಿಯ ಬುಧವಾರ

ಬುಧವಾರ ಸಂಜೆ ಚರ್ಚಿಗೆ ಬಾ ಎಂದು ಬ್ರೀಡ್ ಕರೆದಳು. ನನಗೆ ಚಳಿಯೆಂದರೆ ಪ್ರಾಣಸಂಕಟ. ಸೀರೆಯ ಮೇಲೆ ಮಂಜುವಿನ ಕರಿಯ ಓವರ್‌ಕೋಟು, ಅದು ನನಗೆ ಪಾದದವರೆಗೆ ಬರುತ್ತದೆ. ತಲೆಗೆ ಅವನದೇ ಉಣ್ಣೆಯ ಟೋಪಿ. ಕತ್ತಿಗೆ ಚೈತ್ರಳ ಬಿಳಿ ಮಫ್ಲರು. ಕನ್ನಡಿಯಲ್ಲಿ ನೋಡಿಕೊಳ್ಳದೆ ಹೊರಟದ್ದು ದೊಡ್ಡ ತಪ್ಪು ಎಂದು ಆಮೇಲೆ ತಿಳಿಯಿತು.

ಚರ್ಚಿನಲ್ಲಿ ಮೂವತ್ತು ಜನರಿದ್ದರೆ ಹೆಚ್ಚು. ಪಾದ್ರಿಗಳು ಬೂದಿಯನ್ನು ಮೊದಲೇ ಮಂತ್ರಿಸಿ ಕಳಿಸಿದ್ದರು. ಬಟ್ಟಲು ಹಿಡಿಯಬೇಕಿದ್ದಾಕೆ ಬಂದಿರಲಿಲ್ಲ, ಬ್ರೀಡ್ ಅದನ್ನು ನನ್ನ ಕೈಗೆ ಕೊಟ್ಟಳು. ಸುಮ್ಮನೆ ಹಿಡಿದು ನಿಂತರೆ ಸಾಕು ಎಂದಳು. ಜನ ಸಾಲಾಗಿ ಬಂದರು. ಅವಳು ಹೆಬ್ಬೆರಳಿನಿಂದ ಒಬ್ಬೊಬ್ಬರ ಹಣೆಗೂ ಬೂದಿಯ ಶಿಲುಬೆ ಬರೆಯುತ್ತ ಹೋದಳು. ಹಸುವಿನ ಮೈ ತಿಕ್ಕಿ ಒರಟಾದ ಬೆರಳು. ಮೊದಲು ನನ್ನ ಹಣೆಗೇ ಇಟ್ಟಿದ್ದಳು, ಬೆಳಗಿನ ವಿಭೂತಿಯ ಮೇಲೆ. ಅದು ಇದು ಎರಡೂ ಬೂದಿ ತಾನೆ, ನನ್ನ ಹಣೆಗೆ ವ್ಯತ್ಯಾಸ ತಿಳಿಯಲಿಲ್ಲ.

ಕೊನೆಯ ಬೆಂಚಿನಲ್ಲಿ ಒಬ್ಬ ಮುದುಕ ಏಳದೆ ಕೂತಿದ್ದ. ಅವನೇ ಟಾಮ್. ಕಣ್ಣು ಮಂಜಾಗಿ ಈ ವರ್ಷ ಕಾರು ಓಡಿಸುವುದು ನಿಂತಿತ್ತು, ಬೇರೆ ಊರಿಗೆ ಹೋಗುವಂತಿರಲಿಲ್ಲ. ಸಾಲು ಮುಗಿಯಿತು. ಅಷ್ಟರಲ್ಲಿ ಬ್ರೀಡಳ ಜೇಬಿನಲ್ಲಿ ಫೋನು ಗುರುಗುಟ್ಟಿತು. ಕರು ಅಡ್ಡ ಸಿಕ್ಕಿಕೊಂಡಿದೆ ಎಂದು ಮನೆಯಿಂದ. ಒಂದು ನಿಮಿಷ ಎಂದು ಪಕ್ಕದ ಬಾಗಿಲಿಂದ ಹೊರಗೆ ಹೋದಳು.

ಟಾಮ್ ಎದ್ದ. ಕೋಲೂರಿಕೊಂಡು ನೇರ ನನ್ನ ಮುಂದೆ ಬಂದು, ಟೋಪಿ ತೆಗೆದು, ಕಣ್ಣುಮುಚ್ಚಿ ತಲೆಬಾಗಿಸಿ ನಿಂತ. ಸ್ವಲ್ಪ ತಾಳಿ ಎಂದು ಹೇಳಬೇಕಿತ್ತು. ಆ ವ್ಯಾಕರಣವೆಲ್ಲ ಎಲ್ಲಿ ಹೋಯಿತೋ. ಎದುರಿಗೆ ಬಾಗಿದ ಹಣೆ, ಕೈಯಲ್ಲಿ ಬೂದಿ. ನನ್ನ ಕೈಗೆ ಗೊತ್ತಿರುವುದು ಒಂದೇ ಕೆಲಸ. ಮೂರು ಬೆರಳು ಅದ್ದಿ ಎಡದಿಂದ ಬಲಕ್ಕೆ ಎಳೆದುಬಿಟ್ಟೆ. ನಮ್ಮ ಮನೆಯವರಿಗೆ ದಿನಾ ಹಚ್ಚುವ ಹಾಗೆ, ಅಗಲವಾಗಿ, ಮೂರು ಗೆರೆ.

“ಥ್ಯಾಂಕ್ಯೂ, ಫಾದರ್,” ಎಂದ ಟಾಮ್.

ಭಾರತದಿಂದ ಹೊಸ ಪಾದ್ರಿಯೊಬ್ಬರು ಬರುವರೆಂದು ಊರಿನಲ್ಲಿ ಸುದ್ದಿಯಿತ್ತಂತೆ. ಕರಿಯ ನಿಲುವಂಗಿ, ಕತ್ತಿನಲ್ಲಿ ಪಾದ್ರಿಗಳ ಪಟ್ಟಿಯಂಥ ಬಿಳುಪು, ಕಂದು ಮುಖ. ಮಂಜುಗಣ್ಣಿಗೆ ಇನ್ನೇನು ಬೇಕು? ತಿರುಗಿ ಹೋಗುವಾಗ ಅವನ ಹಣೆ ದೀಪದ ಬೆಳಕಿಗೆ ಬಂತು. ಥೇಟ್ ನಮ್ಮ ಹೆಮ್ಮಿಗೆಯ ಅಯ್ಯನವರು, ಮೈಬಣ್ಣ ಮಾತ್ರ ಕೆಂಪು. ಬೆಂಚುಗಳಲ್ಲಿ ಕೂತವರೆಲ್ಲ ನೋಡಿದರು. ಒಬ್ಬರೂ ನಗಲಿಲ್ಲ, ಅದು ಇನ್ನೂ ಕಷ್ಟವಾಯಿತು. ಬ್ರೀಡ್ ವಾಪಸು ಬರುವ ಹೊತ್ತಿಗೆ ನಾನು ಕಂಬದ ಮರೆಯಲ್ಲಿದ್ದೆ.

ಗುರುವಾರ

ಬೆಳಿಗ್ಗೆ ಬ್ರೀಡ್ ಮೊಟ್ಟೆಯ ಬದಲು ಸುದ್ದಿ ತಂದಳು. ಕರು ಬದುಕಿತು. ಟಾಮ್ ಫೋನ್ ಮಾಡಿ, ಹೊಸ ಫಾದರ್ ಒಳ್ಳೆಯವರು, ಕೈ ಬೆಚ್ಚಗಿತ್ತು ಎಂದನಂತೆ. ಅವಳು ಮುಚ್ಚಿಡಲಿಲ್ಲ. ಅವರು ಫಾದರ್ ಅಲ್ಲ, ನಮ್ಮ ಪಕ್ಕದ ಮನೆಯ ನರ್ಸಿನ ಚಿಕ್ಕಮ್ಮ ಎಂದು ಹೇಳಿದಳು. ಆಮೇಲೆ ಟಾಮ್, ಹಾಗಾದರೆ ಮೂರು ಗೆರೆಗೆ ಏನರ್ಥ ಕೇಳಿ ಹೇಳು, ನಾನಿನ್ನೂ ತೊಳೆದಿಲ್ಲ ಎಂದನಂತೆ.

ಏನರ್ಥ ಎಂದು ಬ್ರೀಡ್ ನನ್ನ ಮುಖ ನೋಡಿದಳು. ನಾನು ಪಾತ್ರೆ ತೊಳೆಯತೊಡಗಿದೆ. ಅರ್ಧ ಶತಮಾನ ಹಚ್ಚಿಕೊಂಡ ನನಗೆ ಗೊತ್ತಿರಲಿಲ್ಲ.

ಅವಳು ಹೋದ ಮೇಲೆ ತೊಳೆದ ಕೈಯನ್ನೇ ನೋಡುತ್ತ ನಿಂತೆ. ಉಗುರಿನ ಸಂದಿಯಲ್ಲಿ ಇನ್ನೂ ಸ್ವಲ್ಪ ಕರಿ ಬೂದಿಯಿತ್ತು. ಗುರುತಿಲ್ಲದ ಮುದುಕನ ಹಣೆಗೆ, ಯಾರನ್ನೂ ಕೇಳದೆ ಹೋದ ಕೈ ಇದು. ಸ್ವಂತ ಅಕ್ಕನ ಮೊಮ್ಮಗಳ ತಲೆಯ ಮೇಲೆ ಇಡಲು ನಾಲ್ಕು ದಿನದಿಂದ ಅಂಜುತ್ತಿದೆ. ಲಿಂಗ ನನ್ನ ಚೀಲದಲ್ಲಿದೆ, ನನ್ನ ಮೈಮೇಲೂ ಇದೆ. ಬೀಗದ ಕೈ ಯಾರ ಹತ್ತಿರವಿದೆ ಎಂದು ನನಗೆ ಇನ್ಯಾರೂ ಹೇಳಬೇಕಿರಲಿಲ್ಲ.

“ಚೈತ್ರ, ಪಾಪೂಗೆ ನೀರು ಹಾಕು,” ಎಂದೆ.

ಬಿಸಿನೀರಿನ ಮಗ್ಗು ಬಕೆಟ್ಟಿನ ಸದ್ದು ತಕ್ಷಣ ಶುರುವಾಯಿತು.

ಬಿಲ್ವಪತ್ರೆ ಇರಲಿಲ್ಲ. ಹಿತ್ತಲಿನ ಹುಲ್ಲಿನ ನಡುವೆ ಇಲ್ಲಿನವರು ತಮ್ಮ ಹಬ್ಬಕ್ಕೆ ಕೋಟಿನ ಮೇಲೆ ಸಿಕ್ಕಿಸಿಕೊಳ್ಳುವ, ಬಿಲ್ವದಂತೆಯೇ ಮೂರೆಲೆಯ ಸೊಪ್ಪು ಬೆಳೆದಿತ್ತು. ಅದನ್ನೇ ಕಿತ್ತು ತೊಳೆದೆ. ದಾರವನ್ನು ಕೊರಳಿಗೆ ಕಟ್ಟಕೂಡದು, ಮಗುವಿಗೆ ಉರುಳಾಗುತ್ತದೆ ಎಂದು ಚೈತ್ರಳೊಳಗಿನ ನರ್ಸು ಅಡ್ಡಬಂದಳು. ತೋಳಿಗೆ ಕಟ್ಟಿ, ಆಮೇಲೆ ತೊಟ್ಟಿಲ ಕಂಬಿಗೆ ಎಂದು ರಾಜಿಯಾಯಿತು. ಲಿಂಗವನ್ನು ಎಡ ಅಂಗೈಯಲ್ಲಿಟ್ಟು, ನೀರು ಹಾಕಿ, ವಿಭೂತಿ ಹಚ್ಚಿ, ಸೊಪ್ಪು ಏರಿಸಿದೆ. ಮಗುವಿನ ಹಣೆಗೆ ಮೂರು ಗೆರೆ ಎಳೆದೆ, ಈ ಸಲ ಗೊತ್ತಿದ್ದೇ. ಬದನವಾಳಿನ ಖಾದಿಯಲ್ಲಿ ಸುತ್ತಿ ತೋಳಿಗೆ ಕಟ್ಟುವಾಗ ಗಂಟು ಎರಡು ಸಲ ಜಾರಿತು. ತಲೆಯ ಮೇಲೆ ಕೈಯಿಟ್ಟೆ. ನೆತ್ತಿ ಇನ್ನೂ ಮೆತ್ತಗಿತ್ತು, ಕೈಯಡಿಯಲ್ಲಿ ಮಿಡಿಯುತ್ತಿತ್ತು. ಕಿವಿಯ ಹತ್ತಿರ ಬಗ್ಗಿ ಮೂರು ಸಲ ‘ಓಂ ನಮಃ ಶಿವಾಯ’ ಎಂದೆ.

ಕೊನೆಯಲ್ಲಿ, ಹೇಳಬಾರದು ಎಂದು ಎಷ್ಟು ಜಾಗ್ರತೆಯಲ್ಲಿದ್ದರೂ, ನಾಲಿಗೆ ಆಮೆನ್ ಎಂದುಬಿಟ್ಟಿತು.

ಮಂಜು ಸೀಲಿಂಗ್ ನೋಡಿದ. ಪಾಪು ನನ್ನ ಮೂಗು ಹಿಡಿಯಿತು.

ಅದೇ ದಿನ, ಹೆಮ್ಮಿಗೆಗೆ ಫೋನು

ನಮಗೆ ಮಧ್ಯಾಹ್ನ ಎರಡೂವರೆ, ಅಕ್ಕನಿಗೆ ಊಟದ ಹೊತ್ತು. ಆಯಿತು ಎಂದಷ್ಟೇ ಹೇಳಿ ಇಟ್ಟುಬಿಡಬೇಕು ಎಂದುಕೊಂಡಿದ್ದೆ.

“ಯಾರ್ ಕಟ್ಟುದ್ರು?” ಎಂದಳು ಅಕ್ಕ.

ಇಲ್ಲೊಬ್ಬರು ಹಿರಿಯರು ಎಂದೆ. ಅವರಿಗೆ ನಮ್ಮ ಪದ್ಧತಿ ಸ್ವಲ್ಪ ಗೊತ್ತು ಎಂದೆ. ಇಂಗ್ಲಿಷೂ ಬರುತ್ತದೆ ಎಂದೆ. ಸುಳ್ಳು ಹೇಳದೆ ಎಷ್ಟು ದೂರ ಹೋಗಬಹುದೋ ಅಷ್ಟು ದೂರ ಹೋದೆ. ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಳು.

“ನೀನೇ ತಾನೇ?”

ನಾನು ಹೂಂ ಎಂದೆ. ಆಮೇಲೆ ನನಗೇ ತಿಳಿಯದ ಹಾಗೆ ಅಳು ಬಂತು. ಅಯ್ಯನವರನ್ನು ಕೇಳಲಿಲ್ಲ, ಮಂತ್ರ ಸರಿಯಾಗಿ ಬರಲಿಲ್ಲ, ಕೊನೆಗೆ ಆಮೆನ್ ಎಂದೆ, ದೊಡ್ಡ ಸ್ವಾಮಿಗಳು ತೆಪ್ಪದಲ್ಲಿ ಬಂದು ಕಟ್ಟಿದ ನಾನೆಲ್ಲಿ, ನನ್ನ ಕೈಯಿಂದ ಕಟ್ಟಿಸಿಕೊಂಡ ಈ ಮಗುವೆಲ್ಲಿ ಎಂದು ಒಂದೇ ಸಮ ಹೇಳಿದೆ.

“ಯಾವ್ ತೆಪ್ಪ ಕಣಮ್ಮಿ?” ಎಂದಳು ಅಕ್ಕ. “ಒಳೆ ಆ ಪಾಟಿ ತುಂಬಿತ್ತು. ಸ್ವಾಮ್ಗೋಳು ಆಚೆ ದಡ್ದಲ್ಲೇ ನಿಂತ್ಕಂಡು ನೋಡಿ ವಾಪಸ್ ಒಂಟೋದ್ರು. ಅವ್ವುಂಗೆ ಬಾಣಂತಿ ಜ್ವರ, ಅಪ್ಪುಂಗೆ ಕೈ ನಡುಕ. ಲಿಂಗ ಮನೇಲೇ ಇತ್ತು. ನಾನೇ ಕಟ್ದೆ. ಅನ್ನೆಲ್ಡು ವರ್ಸ ನಂಗೆ. ಅಪ್ಪ ಆಮ್ಯಾಕೆ ಊರ್ಗೆಲ್ಲ ತೆಪ್ಪ ಬುಟ್ಕಂಡು ಓಡಾಡ್ತು.”

ನನ್ನ ಕೈ ತಾನಾಗಿ ಕೊರಳಿನ ಕರಡಿಗೆಯ ಮೇಲೆ ಹೋಯಿತು. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ಅಪ್ಪ ಆಸೆಪಟ್ಟು ಕಟ್ಟಿದ ಕತೆ, ನಾನ್ಯಾಕ್ ಮುರೀಲಿ? ಆಗ್ಲಿ, ನಿಂಗೇನ್ ಕಮ್ಮಿಯಾಗದೆ ಏಳು. ಇಂಗ್ಲೀಸೂ ಬಂತು.” ಆಮೇಲೆ, “ಫೋನ್ನಲ್ಲಿ ಆಗಾಕಿಲ್ಲ ಅಂತ ಮದ್ಲೇ ಗೊತ್ತಿತ್ತು ನಂಗೆ. ಮತ್ತೆ ನಿನ್ ಕೈಗ್ ಯಾಕ್ ಕೊಟ್ಟೆ ಅಂದ್ಕಂಡಿದ್ದೀಯೆ?” ಎಂದಳು.

ಉತ್ತರಕ್ಕೆ ಅವಳು ಕಾಯಲಿಲ್ಲ. ಮಡಗ್ತೀನಿ ಎಂದಳು. ಆದರೆ ಅಕ್ಕನಿಗೆ ಇವತ್ತಿಗೂ ಫೋನ್ ಕಟ್ ಮಾಡಲು ಬರುವುದಿಲ್ಲ, ಹಾಗೇ ಎಲ್ಲಾದರೂ ಇಟ್ಟುಬಿಡುತ್ತಾಳೆ. ಚೈತ್ರ ಪಾಪುವನ್ನು ಎತ್ತಿಕೊಂಡು ನನ್ನ ಪಕ್ಕದಲ್ಲಿ ಕೂತಳು. ಮಣೆ ಎಳೆದ ಸದ್ದು, ತಟ್ಟೆಯಿಟ್ಟ ಸದ್ದು ಐರ್ಲೆಂಡಿಗೆ ಕೇಳಿಸಿತು. ಆಮೇಲೆ ಅಕ್ಕನ ದನಿ, ಒಳಮನೆಯ ಕಡೆಗೆ:

“ಸವಿತಾ, ನಂಗೂ ಒಂದ್ ಮುದ್ದೆ ಕಟ್ಟವ್ವ.”